ಇಡಿಗಂಟಿನ ಚುನಾವಣೆ

2020ರ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಹಾಕಿದ ಅಮೆರಿಕದ ರಾಜ್ಯ ಯಾವುದು ಎಂದು ಕೇಳಿದರೆ ಹೆಚ್ಚಿನವರು ಟೆಕ್ಸಾಸ್ ಎಂದಾರು, ಕೆಲವರು ಫ್ಲೋರಿಡಾ ಎಂದಾರು. ಎರಡೂ ಅಲ್ಲ, ಅದು ಕ್ಯಾಲಿಫೋರ್ನಿಯಾ. ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ ಎಂದೇ ಹೆಸರಾದ ಆ ರಾಜ್ಯದಲ್ಲಿ ಟ್ರಂಪ್ ಅವರಿಗೆ 60 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಟೆಕ್ಸಾಸಿನಲ್ಲಿ ಬಿದ್ದದ್ದು 59 ಲಕ್ಷದೊಳಗೆ. ಹಾಗೆಯೇ ರಿಪಬ್ಲಿಕನ್ ಪಕ್ಷದ ತವರಾದ ಟೆಕ್ಸಾಸಿನಲ್ಲಿ ಜೋ ಬೈಡನ್ ಅವರಿಗೆ ಮತ ಹಾಕಿದವರು 52 ಲಕ್ಷ ಮಂದಿ. ಈ ಎರಡೂ ಗುಂಪುಗಳನ್ನು ಸೇರಿಸಿದರೆ ಒಂದು ಕೋಟಿ ಹನ್ನೆರಡು ಲಕ್ಷ ಮತದಾರರಾದರು. ಇವರಲ್ಲಿ ಒಬ್ಬರೂ ಮತಗಟ್ಟೆಯ ಕಡೆಗೆ ತಲೆ ಹಾಕದೆ ಮನೆಯಲ್ಲೇ ಉಳಿದಿದ್ದರೂ ಅಧ್ಯಕ್ಷರು ಯಾರಾಗಬೇಕೆಂಬ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುತ್ತಿರಲಿಲ್ಲ. ಕಳ್ಳಮತದಿಂದಲೋ ಎಣಿಕೆಯ ತಪ್ಪಿನಿಂದಲೋ ಆದದ್ದಲ್ಲ ಇದು. ಎಣಿಕೆ ಸರಿಯಾಗಿಯೇ ನಡೆದಿತ್ತು. ಎಣಿಸಿದ ಮೇಲೆ ಆ ಮತಗಳನ್ನು ಏನು ಮಾಡುತ್ತಾರೆ ಎಂಬಲ್ಲಿ ಇರುವುದು ಹುಳುಕು.

ಅಮೆರಿಕದ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಆರಿಸುವುದು 538 ಎಲೆಕ್ಟರ್‌ಗಳ ಒಂದು ಮಂಡಲ. ಅದರ ಹೆಸರು ಎಲೆಕ್ಟೋರಲ್ ಕಾಲೇಜು. ಪ್ರತಿನಿಧಿ ಸಭೆಯಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನವೋ ಅಷ್ಟು, ಜೊತೆಗೆ ಆ ರಾಜ್ಯದ ಇಬ್ಬರು ಸೆನೆಟರುಗಳ ಲೆಕ್ಕದಲ್ಲಿ ಎರಡು, ಹೀಗೆ ರಾಜ್ಯಗಳಿಗೆ ಎಲೆಕ್ಟರ್‌ಗಳು ಹಂಚಿಕೆಯಾಗುತ್ತಾರೆ. ಯಾವ ರಾಜ್ಯಕ್ಕೂ ಸೇರದ ರಾಜಧಾನಿ ವಾಷಿಂಗ್ಟನ್ ನಗರಕ್ಕೆ 1961ರ ತಿದ್ದುಪಡಿಯಿಂದ ಮೂವರು ಸಿಕ್ಕರು. 270 ಮುಟ್ಟಿದವರು ಅಧ್ಯಕ್ಷರು. ಇಷ್ಟನ್ನು ಕೇಳಿದರೆ ನಮ್ಮ ರಾಷ್ಟ್ರಪತಿ ಚುನಾವಣೆಯ ನೆನಪಾಗುವುದು ಸಹಜ. ಇಲ್ಲಿಯೂ ಒಂದು ಮತದಾರರ ಮಂಡಲವಿದೆ, ರಾಜ್ಯಕ್ಕೆ ತಕ್ಕಂತೆ ಮತದ ತೂಕವಿದೆ. 1971ರ ಜನಗಣತಿಯ ಆಧಾರದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಉತ್ತರ ಪ್ರದೇಶದವರದು 208, ಸಿಕ್ಕಿಮಿನವರದು 7. ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. ನಮ್ಮ 224 ಶಾಸಕರಲ್ಲಿ ನೂರು ಮಂದಿ ಒಬ್ಬರಿಗೆ, ಉಳಿದವರು ಇನ್ನೊಬ್ಬರಿಗೆ ಮತ ಹಾಕಿದರೆ ಆ ನೂರು ಮತಗಳು ತಮ್ಮ 13,100ರ ತೂಕದೊಡನೆ ತಾವು ಬಯಸಿದ ಅಭ್ಯರ್ಥಿಯ ಖಾತೆಗೇ ಜಮೆಯಾಗುತ್ತವೆ. ಅಮೆರಿಕದ ರೂಢಿ ಇಲ್ಲಿ ಇದ್ದಿದ್ದರೆ, ಬಹುಮತದ ಬಣ ಕರ್ನಾಟಕದ 29,344 ಮತಮೌಲ್ಯವನ್ನೂ ಒಂದೇ ಗಂಟು ಕಟ್ಟಿ ಎತ್ತಿಕೊಂಡು ಹೋಗುತ್ತಿತ್ತು. ಸೋತ ನೂರು ಶಾಸಕರ ಮತ ಗೆದ್ದವರ ಬುಟ್ಟಿಗೇ ಬೀಳುತ್ತಿತ್ತು. ಅಮೆರಿಕದ 48 ರಾಜ್ಯಗಳಲ್ಲೂ ರಾಜಧಾನಿಯಲ್ಲೂ ನಡೆಯುತ್ತಿರುವುದು ಇದೇ. ರಾಜ್ಯದಲ್ಲಿ ಒಂದು ಮತ ಹೆಚ್ಚು ಬಂದವರಿಗೆ ಅಲ್ಲಿಯ ಎಲೆಕ್ಟರ್‌ಗಳೆಲ್ಲ ಸಲ್ಲುತ್ತಾರೆ. ಇದನ್ನು ಇಡಿಗಂಟು ಪದ್ಧತಿ ಎಂದು ಕರೆಯೋಣ. ಸುಧಾರಣೆಯ ಚರ್ಚೆ ಎರಡು ಶತಮಾನದಿಂದ ನಡೆಯುತ್ತಿದ್ದರೂ ನನ್ನ ಮಟ್ಟಿಗೆ ಅದರ ತಿರುಳು ಈ ಗಂಟಿನಲ್ಲೇ ಇದೆ. ಒಕ್ಕೂಟ ತತ್ವದ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವ ಬಹುಪಾಲು ಸಂಗತಿಗಳು ಒಕ್ಕೂಟಕ್ಕೆ ಸಂಬಂಧಿಸಿದವೇ ಅಲ್ಲ, ಪಕ್ಷಗಳ ಲೆಕ್ಕಾಚಾರಕ್ಕೆ ಸಂಬಂಧಿಸಿದವು.

ಗಮನಿಸಬೇಕಾದ ಮೊದಲ ಮಾತು, ಈ ಇಡಿಗಂಟು ಅಮೆರಿಕದ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಲು ಕೂತವರಿಗೆ ಅಧ್ಯಕ್ಷರನ್ನು ಆರಿಸುವ ಬಗೆ ದೊಡ್ಡ ತಲೆನೋವಾಗಿತ್ತು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ನೇರ ಚುನಾವಣೆಯ ಪರ ಇದ್ದರು. ಸಂಸತ್ತೇ ಆರಿಸಲಿ ಎಂದವರು ಹಲವರು. ಜೇಮ್ಸ್ ಮ್ಯಾಡಿಸನ್ ಜುಲೈ 19ರಂದು ಹೇಳಿದ ಮಾತು ಅವರದೇ ಟಿಪ್ಪಣಿಗಳಲ್ಲಿ ಉಳಿದಿದೆ: ಜನರೇ ಆರಿಸುವುದು ತಾತ್ವಿಕವಾಗಿ ಸರಿ, ಆದರೆ ಉತ್ತರದಲ್ಲಿ ಮತದಾನದ ಹಕ್ಕು ಹೆಚ್ಚು ಜನರಿಗಿದೆ; ದಕ್ಷಿಣದವರಿಗೆ ತಮ್ಮ ಗುಲಾಮರ ಲೆಕ್ಕದಿಂದ ಯಾವ ಪ್ರಭಾವವೂ ದಕ್ಕುವುದಿಲ್ಲ. ಎಲೆಕ್ಟರ್‌ಗಳ ಏರ್ಪಾಟು ಆ ತೊಡಕನ್ನು ಬಿಡಿಸಿತು. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವ ಒಪ್ಪಂದವಾಗಿತ್ತು. ಅದೇ ಲೆಕ್ಕ ಎಲೆಕ್ಟರ್‌ಗಳಿಗೂ ಬಂತು. ಮತ ಹಾಕುವಂತಿಲ್ಲದ ಮನುಷ್ಯರು ತಮ್ಮ ಒಡೆಯರ ರಾಜ್ಯಕ್ಕೆ ತೂಕ ತಂದುಕೊಟ್ಟರು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷ ಪದವಿಯಲ್ಲಿದ್ದವರು ಅತಿ ಹೆಚ್ಚು ಗುಲಾಮರಿದ್ದ ವರ್ಜೀನಿಯಾದವರೇ ಎಂಬುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು ಕಾರಣ. ಎಲೆಕ್ಟರ್‌ಗಳನ್ನು ಹೇಗೆ ನೇಮಿಸಬೇಕೆಂಬುದನ್ನು ಮಾತ್ರ ಸಂವಿಧಾನ ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿತು. ಮುಂದಿನದೆಲ್ಲ ಆ ಒಂದು ವಾಕ್ಯದಿಂದ ಹುಟ್ಟಿದ ಕಥೆ.

ಮೊದಮೊದಲು ಒಂದೊಂದು ರಾಜ್ಯದ್ದು ಒಂದೊಂದು ರೀತಿ ಇತ್ತು. ಕೆಲವೆಡೆ ಶಾಸಕರೇ ಎಲೆಕ್ಟರ್‌ಗಳನ್ನು ಆರಿಸುತ್ತಿದ್ದರು, ಕೆಲವೆಡೆ ಜಿಲ್ಲೆಗೊಬ್ಬರಂತೆ ಜನ ಆರಿಸುತ್ತಿದ್ದರು. ವರ್ಜೀನಿಯಾದಲ್ಲಿ ಜಿಲ್ಲಾವಾರು ಪದ್ಧತಿ ಇತ್ತು. 1796ರ ಚುನಾವಣೆಯಲ್ಲಿ ಜಾನ್ ಆಡಮ್ಸ್ 71 ಮತ, ಥಾಮಸ್ ಜೆಫರ್ಸನ್ 68 ಮತ ಪಡೆದರು. ಜೆಫರ್ಸನ್ ಅವರ ಸ್ವಂತ ರಾಜ್ಯ ವರ್ಜೀನಿಯಾದ ಒಬ್ಬ ಎಲೆಕ್ಟರ್ ಆಡಮ್ಸ್ ಕಡೆಗೆ ಹೋಗಿದ್ದರು. ಇಂಥ ಅಂತರದಲ್ಲಿ ಸೋತವರು ಸುಮ್ಮನಿರುತ್ತಾರೆಯೇ? 1800ರ ಆರಂಭದಲ್ಲಿ ಜೆಫರ್ಸನ್ ತಮ್ಮ ಸ್ನೇಹಿತ ಜೇಮ್ಸ್ ಮನ್ರೋಗೆ ಬರೆದ ಕಾಗದದಲ್ಲಿ, ಎಲ್ಲ ರಾಜ್ಯಗಳೂ ಜಿಲ್ಲಾವಾರು ಆರಿಸುವುದಾದರೆ ಅದೇ ಒಳ್ಳೆಯದು, ಆದರೆ ಹತ್ತು ರಾಜ್ಯಗಳು ಹಾಗೆ ಮಾಡದಿರುವಾಗ ಉಳಿದವರು ಮಾಡುವುದು ದಡ್ಡತನ ಎಂಬ ಅರ್ಥದ ಮಾತು ಬರೆದರು. ವರ್ಜೀನಿಯಾ ಆ ವರ್ಷವೇ ಇಡಿಗಂಟಿಗೆ ಬದಲಾಯಿತು. ಇದನ್ನು ಕಂಡು ಆಡಮ್ಸ್ ಅವರ ಮ್ಯಾಸಚೂಸೆಟ್ಸ್ ಜಿಲ್ಲಾವಾರು ಚುನಾವಣೆಯನ್ನು ಕೈಬಿಟ್ಟು, ಆಯ್ಕೆಯನ್ನು ತನ್ನ ಶಾಸಕರ ಕೈಗೇ ಕೊಟ್ಟಿತು. ಆಮೇಲೆ ಒಂದರ ಹಿಂದೊಂದು ರಾಜ್ಯ ಇದೇ ಹಾದಿ ಹಿಡಿಯಿತು. 1836ರ ಹೊತ್ತಿಗೆ ದಕ್ಷಿಣ ಕ್ಯಾರೊಲಿನಾ ಒಂದನ್ನು ಬಿಟ್ಟು ಉಳಿದವೆಲ್ಲ ಇಡಿಗಂಟಿನವಾಗಿದ್ದವು. ಆ ಒಂದು ರಾಜ್ಯದಲ್ಲಿ ಶಾಸಕರೇ ಆರಿಸುವ ಕ್ರಮ 1860ರವರೆಗೂ ಮುಂದುವರಿಯಿತು. ಇಳಿವಯಸ್ಸಿನ ಮ್ಯಾಡಿಸನ್ 1823ರಲ್ಲಿ ಬರೆದ ಪತ್ರವೊಂದರಲ್ಲಿ, ಸಂವಿಧಾನ ಬರೆದವರ ಕಣ್ಣಮುಂದೆ ಹೆಚ್ಚಾಗಿ ಇದ್ದದ್ದು ಜಿಲ್ಲಾವಾರು ಪದ್ಧತಿಯೇ ಎಂದು ನೆನೆದು, ಸಂವಿಧಾನ ತಿದ್ದಿಯಾದರೂ ಅದನ್ನು ಮರಳಿ ತರಬೇಕೆಂದರು. ಸಂವಿಧಾನದ ಪಿತಾಮಹ ಎನಿಸಿಕೊಂಡವರ ಮಾತನ್ನೇ ಕೇಳುವವರಿರಲಿಲ್ಲ. ಹಿರಿಯರು ಆಲೋಚಿಸಿ ಕಟ್ಟಿಕೊಟ್ಟ ಏರ್ಪಾಟು ಎಂದು ಇಂದು ಹೊಗಳಿಸಿಕೊಳ್ಳುತ್ತಿರುವುದು, ಆ ಹಿರಿಯರಲ್ಲೊಬ್ಬರು ಬೇಡವೆಂದ, ಇನ್ನೊಬ್ಬರು ಚುನಾವಣೆ ಗೆಲ್ಲಲು ಹೂಡಿದ ತಂತ್ರ.

ತಂತ್ರದ ಹುಟ್ಟು ಹೇಗೇ ಇರಲಿ, ಫಲ ಚೆನ್ನಾಗಿದ್ದರೆ ಒಪ್ಪಬಹುದಿತ್ತು. ಫಲ ಏನು? ಸೋಲುವುದು ಖಚಿತವಾದ ರಾಜ್ಯದಲ್ಲಿ ಮತ ಕೇಳಿದರೆ ಲಾಭವಿಲ್ಲ. ಗೆಲ್ಲುವುದು ಖಚಿತವಾದಲ್ಲಿ ಕೇಳುವ ಅಗತ್ಯವಿಲ್ಲ. ಉಳಿದದ್ದು ಅತ್ತಿತ್ತ ತೂಗುವ ನಾಲ್ಕಾರು ರಾಜ್ಯ. 2024ರಲ್ಲಿ ಅವು ಏಳಿದ್ದವು: ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಉತ್ತರ ಕ್ಯಾರೊಲಿನಾ, ಅರಿಜೋನಾ, ನೆವಾಡಾ. ಅಭ್ಯರ್ಥಿಗಳ ಪ್ರಚಾರ ಸಭೆಗಳ ಬಹುಪಾಲು ಇಲ್ಲಿಯೇ ನಡೆದವು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ನೆಲೆನಿಂತು ಪೌರತ್ವ ಪಡೆದ ಕನ್ನಡಿಗರ ಮನೆಗಳಿಗೆ ನಿಧಿ ಸಂಗ್ರಹದ ಕರೆ ಬಂದಿರಬಹುದು, ಮತಯಾಚನೆಯ ಕರೆ ಬಂದಿರುವ ಸಂಭವ ಕಡಿಮೆ. ಜನಮತದಲ್ಲಿ ಹಿಂದೆ ಬಿದ್ದವರು ಅಧ್ಯಕ್ಷರಾಗುವುದು ಇದೇ ರೋಗದ ಇನ್ನೊಂದು ಲಕ್ಷಣ. 1876ರಲ್ಲಿ ಟಿಲ್ಡನ್, 1888ರಲ್ಲಿ ಕ್ಲೀವ್‌ಲ್ಯಾಂಡ್ ಹೀಗೆ ಸೋತರು. 2000ದಲ್ಲಿ ಅಲ್ ಗೋರ್ ದೇಶದಾದ್ಯಂತ ಐದು ಲಕ್ಷ ನಲವತ್ತು ಸಾವಿರ ಮತ ಮುಂದಿದ್ದರೂ ಫ್ಲೋರಿಡಾದ 537 ಮತ ಅವರನ್ನು ಸೋಲಿಸಿತು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರು; ಮೂರು ರಾಜ್ಯಗಳಲ್ಲಿ ಒಟ್ಟು 78 ಸಾವಿರ ಮತಗಳ ಕೊರತೆಯಲ್ಲಿ ಸೋತರು. ಹಾಗೆಂದು ಇದು ಡೆಮಾಕ್ರಟರನ್ನು ಮಾತ್ರ ಹೊಡೆಯುವ ದೊಣ್ಣೆಯಲ್ಲ. 2004ರಲ್ಲಿ ಜಾರ್ಜ್ ಬುಷ್ ಮೂವತ್ತು ಲಕ್ಷ ಮತಗಳ ಮುನ್ನಡೆ ಪಡೆದು ನಿಚ್ಚಳವಾಗಿ ಗೆದ್ದಿದ್ದರು. ಆದರೂ ಓಹಿಯೊ ಒಂದರಲ್ಲಿ ಅರವತ್ತು ಸಾವಿರ ಮಂದಿ ಮನಸ್ಸು ಬದಲಿಸಿದ್ದರೆ ಜಾನ್ ಕೆರ್ರಿ ಅಧ್ಯಕ್ಷರಾಗುತ್ತಿದ್ದರು. 2012ರ ಚುನಾವಣೆಯ ರಾತ್ರಿ ಎಲೆಕ್ಟೋರಲ್ ಕಾಲೇಜು ಪ್ರಜಾಪ್ರಭುತ್ವಕ್ಕೊಂದು ವಿಪತ್ತು ಎಂದು ಟ್ವೀಟ್ ಮಾಡಿದವರು ಮತ್ತಾರೂ ಅಲ್ಲ, ಡೊನಾಲ್ಡ್ ಟ್ರಂಪ್. ನಾಲ್ಕು ವರ್ಷದ ನಂತರ ಅದೇ ವಿಪತ್ತು ಅವರಿಗೆ ವರವಾಯಿತು.

ಸುಧಾರಣೆ ಬೇಡವೆನ್ನುವವರ ಮೊದಲ ವಾದ ಚಿಕ್ಕ ರಾಜ್ಯಗಳ ರಕ್ಷಣೆಯದು. ವಯೋಮಿಂಗಿನ ಜನಸಂಖ್ಯೆ ಐದು ಲಕ್ಷ ಎಪ್ಪತ್ತೇಳು ಸಾವಿರ, ಎಲೆಕ್ಟರ್‌ಗಳು ಮೂವರು. ಕ್ಯಾಲಿಫೋರ್ನಿಯಾದ ಜನಸಂಖ್ಯೆ 3 ಕೋಟಿ 95 ಲಕ್ಷ, ಎಲೆಕ್ಟರ್‌ಗಳು 54. ತಲಾ ಲೆಕ್ಕ ಹಾಕಿದರೆ ವಯೋಮಿಂಗಿನವರ ತೂಕ ಹೆಚ್ಚುಕಡಿಮೆ ನಾಲ್ಕು ಪಟ್ಟು. ಈ ಹೆಚ್ಚುವರಿ ತೂಕಕ್ಕೆ ಕೆಲವೊಮ್ಮೆ ಬೆಲೆ ಬಂದದ್ದುಂಟು, ಅದನ್ನು ಮುಚ್ಚಿಡಬೇಕಿಲ್ಲ. 2000ದಲ್ಲಿ ಸೆನೆಟ್ ಲೆಕ್ಕದ ಎರಡೆರಡು ಎಲೆಕ್ಟರ್‌ಗಳನ್ನು ತೆಗೆದುಹಾಕಿದರೆ ಬುಷ್ 211ಕ್ಕೆ ಇಳಿದು ಗೋರ್ 225 ಪಡೆದು ಗೆಲ್ಲುತ್ತಿದ್ದರು. ಆದರೆ 2016ಕ್ಕೆ ಇದೇ ಲೆಕ್ಕ ಹಾಕಿ ನೋಡಿ. ಆಯಾ ರಾಜ್ಯಗಳಲ್ಲಿ ಗೆದ್ದ ಪ್ರಕಾರ ಟ್ರಂಪ್ ಅವರ 306ರಲ್ಲಿ ಮೂವತ್ತು ರಾಜ್ಯಗಳ ಅರವತ್ತು ಕಳೆದರೆ 246, ಕ್ಲಿಂಟನ್ ಅವರ 232ರಲ್ಲಿ 42 ಕಳೆದರೆ 190. ಗೆದ್ದವರು ಬದಲಾಗುವುದಿಲ್ಲ. ಅಂದರೆ ಚಿಕ್ಕ ರಾಜ್ಯಗಳ ಹೆಚ್ಚುವರಿ ತೂಕ ಒಂದು ಸಣ್ಣ ಕೊಂಕು, ಇಡಿಗಂಟು ನಿಜವಾದ ರೋಗ. ಇಷ್ಟಕ್ಕೂ ಆ ನಾಲ್ಕು ಪಟ್ಟು ತೂಕದಿಂದ ವಯೋಮಿಂಗಿಗೆ ಏನು ಸಿಕ್ಕಿತು? ಈಗ ಮೂವರೇ ಎಲೆಕ್ಟರ್‌ಗಳಿರುವ ಆರು ರಾಜ್ಯಗಳಲ್ಲಿ ಒಂದೂ ಆ ಏಳರ ಪಟ್ಟಿಯಲ್ಲಿಲ್ಲ. ಓಟಿಗಾಗಿ ಅಲ್ಲಿಗೆ ಹೋಗುವವರಿಲ್ಲ. ಚಿಕ್ಕವರನ್ನು ಕಾಯುತ್ತದೆ ಎನ್ನುವ ಈ ಏರ್ಪಾಟಿನ ವಿರುದ್ಧ 1966ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತೆ? ಚಿಕ್ಕ ರಾಜ್ಯವಾದ ಡೆಲಾವೇರ್. ನ್ಯೂಯಾರ್ಕಿನಂಥ ದೊಡ್ಡ ರಾಜ್ಯಗಳು ಇಡಿಗಂಟು ಹಿಡಿದು ಕೂತಿರುವುದರಿಂದ ತಮ್ಮಂಥವರ ಮಾತಿಗೆ ಬೆಲೆಯಿಲ್ಲದಂತಾಗಿದೆ ಎಂಬುದು ಅದರ ದೂರು. ಬಹುಪಾಲು ಚಿಕ್ಕವೇ ಆದ ಇನ್ನೂ ಹಲವು ರಾಜ್ಯಗಳು ಅದರ ಬೆನ್ನಿಗೆ ನಿಂತವು. ಕೋರ್ಟು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ಇನ್ನೊಂದು ವಾದ ಹಳ್ಳಿಗಳದು. ನೇರ ಚುನಾವಣೆಯಾದರೆ ನ್ಯೂಯಾರ್ಕ್, ಲಾಸ್ ಏಂಜಲೀಸ್, ಷಿಕಾಗೊ ಸೇರಿ ದೇಶಕ್ಕೆ ದೊರೆಯನ್ನು ಆರಿಸಿಬಿಡುತ್ತವೆ ಎಂಬ ಭಯ. ನಗರಗಳ ಅಬ್ಬರ ನೋಡಿ ಹುಟ್ಟಿದ ಭಯವಿದು. 2020ರ ಜನಗಣತಿಯ ಪ್ರಕಾರ ಅಮೆರಿಕದ ಹತ್ತು ಅತಿದೊಡ್ಡ ನಗರಗಳ ಜನಸಂಖ್ಯೆಯನ್ನೆಲ್ಲ ಕೂಡಿದರೂ 33 ಕೋಟಿಯಲ್ಲಿ ಎರಡು ಕೋಟಿ ಅರವತ್ತು ಲಕ್ಷ, ಅಂದರೆ ಶೇಕಡಾ 8ರ ಒಳಗೆ. ಅದಕ್ಕಿಂತ ಮುಖ್ಯವಾಗಿ, ರಾಜ್ಯದೊಳಗಿನ ಚುನಾವಣೆಗಳನ್ನು ನೋಡಬೇಕು. ಟೆಕ್ಸಾಸಿನಲ್ಲಿ ಹ್ಯೂಸ್ಟನ್, ಡಲ್ಲಾಸ್, ಸ್ಯಾನ್ ಆಂಟೋನಿಯೊ ಇವೆ. ಅಲ್ಲಿಯ ಗವರ್ನರ್ ನೇರ ಮತದಿಂದ ಆಯ್ಕೆಯಾಗುತ್ತಾರೆ. ಹಳ್ಳಿಗಾಡಿನ ಬೆಂಬಲವುಳ್ಳ ರಿಪಬ್ಲಿಕನ್ನರು ಮೂರು ದಶಕದಿಂದ ಅಲ್ಲಿ ಸೋತದ್ದೇ ಇಲ್ಲ. ಹಳ್ಳಿಗಳನ್ನು ಕಾಯಲೆಂದು ರಾಜ್ಯದೊಳಗೇ ಎಲೆಕ್ಟೋರಲ್ ಕಾಲೇಜಿನಂಥದನ್ನು ಕಟ್ಟಿದ ಉದಾಹರಣೆಗಳೂ ಇವೆ, ಅವುಗಳ ಗತಿ ತಿಳಿಯಬೇಕಾದದ್ದು. ಜಾರ್ಜಿಯಾದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವಾಗ ಪ್ರತಿ ಕೌಂಟಿಗೆ ಇಂತಿಷ್ಟು ಅಂಕವೆಂದು ನಿಗದಿಯಾಗಿತ್ತು. ಅತಿದೊಡ್ಡ ಕೌಂಟಿಗೂ ಆರೇ ಅಂಕ, ಅತಿಚಿಕ್ಕದಕ್ಕೂ ಎರಡು. ಕೌಂಟಿ ಗೆದ್ದವರಿಗೆ ಅಂಕವೆಲ್ಲ. ಅಟ್ಲಾಂಟದ ಜನ ಇದರಿಂದ ಮೂಲೆಗುಂಪಾದರು. ಬಿಳಿಯರ ಆಧಿಪತ್ಯದ ರಾಜಕಾರಣಕ್ಕೆ ಇದೇ ಊರುಗೋಲಾಯಿತು. 1963ರಲ್ಲಿ ಸುಪ್ರೀಂ ಕೋರ್ಟು ಇದನ್ನು ರದ್ದುಮಾಡಿ, ಒಬ್ಬ ಮನುಷ್ಯನಿಗೆ ಒಂದು ಮತ ಎಂಬ ತತ್ವವನ್ನು ಎತ್ತಿಹಿಡಿಯಿತು. ಮಿಸಿಸಿಪ್ಪಿಯಲ್ಲಿ ಗವರ್ನರ್ ಆಗಬೇಕಾದರೆ ಜನಮತದ ಬಹುಮತದ ಜೊತೆಗೆ ಶಾಸನಸಭಾ ಕ್ಷೇತ್ರಗಳಲ್ಲೂ ಬಹುಮತ ಬೇಕೆಂಬ ನಿಯಮ 1890ರ ಸಂವಿಧಾನದಲ್ಲಿತ್ತು. ಕಪ್ಪು ಜನರನ್ನು ಅಧಿಕಾರದಿಂದ ದೂರವಿಡಲೆಂದೇ ಬರೆದ ಸಂವಿಧಾನ ಅದು. 2020ರ ನವೆಂಬರಿನಲ್ಲಿ ಅಲ್ಲಿಯ ಮತದಾರರೇ ಭಾರಿ ಬಹುಮತದಿಂದ ಆ ನಿಯಮ ತೆಗೆದುಹಾಕಿದರು. ಅಂದೇ, ಅದೇ ಮತಗಟ್ಟೆಗಳಲ್ಲಿ, ಅಧ್ಯಕ್ಷರಿಗಾಗಿ ಅವರು ಹಾಕಿದ ಮತ ಮಾತ್ರ ಹಳೆಯ ಗಂಟಿಗೇ ಸೇರಿತು. ಕಪ್ಪು ಜನರು ಮೂರನೆಯ ಒಂದು ಪಾಲಿಗಿಂತ ಹೆಚ್ಚಿರುವ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು 1980ರಿಂದ ಈಚೆಗೆ ಒಮ್ಮೆಯೂ ಅವರಲ್ಲಿ ಬಹುತೇಕರು ಆರಿಸಿದ ಪಕ್ಷಕ್ಕೆ ಸಂದಿಲ್ಲ.

ಎಲ್ಲಕ್ಕಿಂತ ತೂಕದ ವಾದ ಒಕ್ಕೂಟದ್ದು. ಅಮೆರಿಕ ರಾಜ್ಯಗಳ ಒಕ್ಕೂಟ. ಅಧ್ಯಕ್ಷರು ಬರೀ ಜನರ ಮುಖ್ಯಸ್ಥರಲ್ಲ, ರಾಜ್ಯಗಳು ಸೇರಿ ಆದ ಒಂದು ಕೂಡುವಳಿಯ ಮುಖ್ಯಸ್ಥರು. ಆದ್ದರಿಂದ ರಾಜ್ಯಗಳು ರಾಜ್ಯಗಳಾಗಿಯೇ ಮತ ಹಾಕಬೇಕು ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾಷಾವಾರು ರಾಜ್ಯಗಳ ನಾಡಿನಲ್ಲಿ ಕೂತು ಇದನ್ನು ಓದುವವರಿಗೆ ಇದರ ಸೆಳೆತ ಅರ್ಥವಾಗುತ್ತದೆ. ಆದರೆ ರಾಜ್ಯದ ಹಿತ ಕಾಯಬೇಕಾದ ಜಾಗ ಯಾವುದು? ಸೆನೆಟ್‌ನಲ್ಲಿ ವಯೋಮಿಂಗಿಗೂ ಇಬ್ಬರು, ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ಸಂವಿಧಾನ ತಿದ್ದಲು ನಾಲ್ಕನೇ ಮೂರು ಪಾಲು ರಾಜ್ಯಗಳ ಒಪ್ಪಿಗೆ ಬೇಕು. ಪೊಲೀಸು, ಶಾಲೆ, ಮದುವೆಯ ಕಾನೂನು ಎಲ್ಲ ರಾಜ್ಯಗಳ ಕೈಯಲ್ಲಿವೆ. ಒಕ್ಕೂಟದ ಕಂಬಗಳು ಇವು. ಇಡಿಗಂಟು ರಾಜ್ಯದ ಹಿತವನ್ನು ಕಾಯುವುದಿಲ್ಲ, ರಾಜ್ಯದೊಳಗಿನ ಬಹುಸಂಖ್ಯಾತ ಪಕ್ಷದ ಹಿತವನ್ನು ಕಾಯುತ್ತದೆ. ಕ್ಯಾಲಿಫೋರ್ನಿಯಾದ ಅರವತ್ತು ಲಕ್ಷ ರಿಪಬ್ಲಿಕನ್ನರು ಕ್ಯಾಲಿಫೋರ್ನಿಯಾದವರಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಬೇರೆ ಒಕ್ಕೂಟಗಳು ಈ ಗಂಟನ್ನು ಬಿಚ್ಚಿದ ಬಗೆ ನೋಡಿ. ಅರ್ಜೆಂಟೀನಾ ಅಮೆರಿಕವನ್ನೇ ನೋಡಿ ಎಲೆಕ್ಟೋರಲ್ ಕಾಲೇಜು ಕಟ್ಟಿಕೊಂಡಿತ್ತು. 1994ರಲ್ಲಿ ಅದನ್ನು ಕಿತ್ತುಹಾಕಿ ನೇರ ಚುನಾವಣೆ ತಂದಿತು. ದೇಶದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಬ್ಯೂನಸ್ ಐರಿಸ್ ಪ್ರಾಂತವೊಂದರಲ್ಲೇ ಇದ್ದಾರೆ, ಆದರೂ. ಪ್ರಾಂತಗಳಿಗೆ ತೂಕ ಬೇಕಿದ್ದಲ್ಲಿ ಅದನ್ನು ಅಧ್ಯಕ್ಷರ ಚುನಾವಣೆಯಲ್ಲಿ ತುರುಕದೆ, ಪ್ರತಿ ಪ್ರಾಂತದ ಸೆನೆಟರುಗಳ ಸಂಖ್ಯೆಯನ್ನು ಎರಡರಿಂದ ಮೂರಕ್ಕೆ ಏರಿಸಿತು. ನೈಜೀರಿಯಾದ ದಾರಿ ಇನ್ನೊಂದು. ಅಲ್ಲಿ ನೇರ ಚುನಾವಣೆಯೇ, ಆದರೆ ಅತಿ ಹೆಚ್ಚು ಮತ ಪಡೆದರಷ್ಟೇ ಸಾಲದು, ಮೂರನೇ ಎರಡು ಪಾಲು ರಾಜ್ಯಗಳಲ್ಲಿ ಕನಿಷ್ಠ ಕಾಲುಭಾಗ ಮತ ಬಂದಿರಬೇಕು. ಉತ್ತರದವರು, ದಕ್ಷಿಣದವರು, ಮುಸ್ಲಿಮರು, ಕ್ರೈಸ್ತರು ಎಂದು ಸೀಳಿಹೋದ ದೇಶದಲ್ಲಿ ಅಭ್ಯರ್ಥಿಯನ್ನು ಎಲ್ಲ ಕಡೆ ತಿರುಗಾಡಿಸುವ ಉಪಾಯವಿದು. ಇದರಲ್ಲೂ ತಮಾಷೆಯ ತೊಡಕು ಬಂತು. 1979ರಲ್ಲಿ ಅಲ್ಲಿ 19 ರಾಜ್ಯಗಳಿದ್ದವು. ಅದರ ಮೂರನೇ ಎರಡು ಎಂದರೆ ಹನ್ನೆರಡೂ ಮುಕ್ಕಾಲಿಗೆ ಹತ್ತಿರ. ಅಭ್ಯರ್ಥಿ ಶೆಹು ಶಗಾರಿಗೆ ಹನ್ನೆರಡು ರಾಜ್ಯಗಳಲ್ಲಿ ಕಾಲುಭಾಗ ದಕ್ಕಿತ್ತು. ಹದಿಮೂರನೆಯದರ ಮೂರನೇ ಎರಡು ಭಾಗದಲ್ಲಿ ಬಂದರೆ ಸಾಕೆ, ಪೂರ್ತಿ ರಾಜ್ಯದಲ್ಲಿ ಬರಬೇಕೆ ಎಂಬ ಭಿನ್ನರಾಶಿಯ ಲೆಕ್ಕ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಶಗಾರಿ ಗೆದ್ದರು. ಗಣಿತ ವಿಚಿತ್ರವಾದರೂ ಹಿಂದಿನ ಆಲೋಚನೆ ಇಡಿಗಂಟಿಗೆ ತದ್ವಿರುದ್ಧವಾದದ್ದು. ಅಲ್ಲಿ ಸೋಲುವ ರಾಜ್ಯದಲ್ಲೂ ನಾಲ್ಕರಲ್ಲಿ ಒಂದು ಮತ ಗಳಿಸಲು ಕಾರಣವಿದೆ. ಅಮೆರಿಕದಲ್ಲಿ ಸೋಲುವ ರಾಜ್ಯಕ್ಕೆ ಹೋಗಲು ಕಾರಣವೇ ಇಲ್ಲ. ಒಕ್ಕೂಟವನ್ನು ಬೆಸೆಯುವುದು ಇವೆರಡರಲ್ಲಿ ಯಾವುದು?

ಹಾಗಾದರೆ ಪೂರ್ತಿ ಕೆಡವದೆ ಗಂಟನ್ನು ಬಿಡಿಸಬಹುದಲ್ಲ, ಜಿಲ್ಲಾವಾರು ಮಾಡಿದರಾಯಿತು ಎನ್ನುವವರಿದ್ದಾರೆ. ಮೇಯ್ನ್ 1972ರಿಂದ, ನೆಬ್ರಾಸ್ಕ 1992ರಿಂದ ಹಾಗೆ ಮಾಡುತ್ತಿವೆ. ಪ್ರತಿನಿಧಿ ಸಭೆಯ ಕ್ಷೇತ್ರಕ್ಕೊಬ್ಬರು, ಇಡೀ ರಾಜ್ಯ ಗೆದ್ದವರಿಗೆ ಇಬ್ಬರು. ಕೇಳಲು ಚೆನ್ನಾಗಿದೆ. ಆದರೆ ಮ್ಯಾಡಿಸನ್ ಕಾಲದ ಜಿಲ್ಲೆಗಳಲ್ಲ ಇವು. ಇಂದು ಆ ಕ್ಷೇತ್ರಗಳ ಗಡಿಯನ್ನು ಹಲವು ರಾಜ್ಯಗಳಲ್ಲಿ ಆಳುವ ಪಕ್ಷವೇ ತನಗೆ ಬೇಕಾದಂತೆ ಕೊರೆಯುತ್ತದೆ. 2012ರಲ್ಲಿ ಬರಾಕ್ ಒಬಾಮ ಸುಮಾರು ಐವತ್ತು ಲಕ್ಷ ಮತಗಳಿಂದ ಗೆದ್ದರು, ಆದರೆ 435 ಕ್ಷೇತ್ರಗಳಲ್ಲಿ 226ರಲ್ಲಿ ಮುಂದಿದ್ದವರು ಮಿಟ್ ರಾಮ್ನಿ. ನೆಬ್ರಾಸ್ಕದ ರೀತಿ ದೇಶಕ್ಕೆಲ್ಲ ಇದ್ದಿದ್ದರೆ ರಾಮ್ನಿ 274, ಒಬಾಮ 264! ಮದ್ದು ರೋಗಕ್ಕಿಂತ ಕೆಟ್ಟದು. ರಾಜ್ಯದೊಳಗೆ ಮತಪ್ರಮಾಣಕ್ಕೆ ತಕ್ಕಂತೆ ಹಂಚುವುದು ಇದಕ್ಕಿಂತ ವಾಸಿ. 1950ರಲ್ಲಿ ಸೆನೆಟ್ ಇಂಥ ತಿದ್ದುಪಡಿಗೆ ಮೂರನೇ ಎರಡಕ್ಕಿಂತ ಹೆಚ್ಚಿನ ಬಹುಮತದಿಂದ ಒಪ್ಪಿಗೆ ಕೊಟ್ಟಿತ್ತು, ಪ್ರತಿನಿಧಿ ಸಭೆಯಲ್ಲಿ ಬಿದ್ದುಹೋಯಿತು. ಆದರೆ ಇದರಲ್ಲಿ ಮೂರನೆಯ ಪಕ್ಷವೊಂದು ನಾಲ್ಕಾರು ಎಲೆಕ್ಟರ್‌ಗಳನ್ನು ಹೆಕ್ಕಿಕೊಂಡರೂ ಯಾರಿಗೂ 270 ಬರದೆ ಹೋಗಬಹುದು. ಆಗ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ, ಅಲ್ಲಿ ರಾಜ್ಯಕ್ಕೆ ಒಂದೇ ಮತ. 1824ರಲ್ಲಿ ಆ್ಯಂಡ್ರೂ ಜಾಕ್ಸನ್ ಎಲ್ಲರಿಗಿಂತ ಹೆಚ್ಚು ಎಲೆಕ್ಟರ್‌ಗಳನ್ನು ಪಡೆದೂ ಸೋತದ್ದು ಹೀಗೆಯೇ. ಎಲ್ಲಕ್ಕಿಂತ ಮುಖ್ಯವಾದ ತೊಡಕು ಜೆಫರ್ಸನ್ ಹೇಳಿದ್ದೇ: ಒಂದು ರಾಜ್ಯ ತಾನೊಂದೇ ಗಂಟು ಬಿಚ್ಚಿದರೆ ಅದರ ಆಳುವ ಪಕ್ಷಕ್ಕೆ ನಷ್ಟ, ಎದುರಾಳಿಗೆ ಪುಕ್ಕಟೆ ಲಾಭ. ಕ್ಯಾಲಿಫೋರ್ನಿಯಾ ತನ್ನ 54ನ್ನು ಹಂಚಿ, ಟೆಕ್ಸಾಸ್ ತನ್ನ 40ನ್ನು ಹಿಡಿದು ಕೂತರೆ ಏನಾಗುತ್ತದೆಂಬುದು ಮಕ್ಕಳಿಗೂ ಗೊತ್ತಾಗುತ್ತದೆ. ಆದ್ದರಿಂದ ಬಿಚ್ಚಿದರೆ ಎಲ್ಲರೂ ಒಟ್ಟಿಗೆ ಬಿಚ್ಚಬೇಕು.

ಒಟ್ಟಿಗೆ ಬಿಚ್ಚುವ ಅವಕಾಶ ಒಮ್ಮೆ ಬಾಗಿಲವರೆಗೂ ಬಂದಿತ್ತು. 1968ರ ಚುನಾವಣೆಯಲ್ಲಿ ವರ್ಣಭೇದದ ಪರವಾಗಿ ನಿಂತ ಜಾರ್ಜ್ ವಾಲೆಸ್ ದಕ್ಷಿಣದಲ್ಲಿ 46 ಎಲೆಕ್ಟರ್ ಮತ ಗಳಿಸಿದರು. ರಿಚರ್ಡ್ ನಿಕ್ಸನ್ 301 ಪಡೆದು ಗೆದ್ದದ್ದರಿಂದ ಬಚಾವು. ಸ್ವಲ್ಪ ಅತ್ತಿತ್ತ ಆಗಿದ್ದರೂ ವಾಲೆಸ್ ತಮ್ಮ ಮತಗಳನ್ನು ಮುಂದಿಟ್ಟು ಚೌಕಾಸಿಗೆ ಕೂರುತ್ತಿದ್ದರು. ಎರಡೂ ಪಕ್ಷಗಳು ಹೆದರಿದವು. ಇಂಡಿಯಾನದ ಸೆನೆಟರ್ ಬರ್ಚ್ ಬೇ, ನ್ಯೂಯಾರ್ಕಿನ ಪ್ರತಿನಿಧಿ ಇಮ್ಯಾನುಯೆಲ್ ಸೆಲ್ಲರ್ ಸೇರಿ ನೇರ ಚುನಾವಣೆಯ ತಿದ್ದುಪಡಿ ತಂದರು. ಶೇಕಡಾ 40 ಮತ ಯಾರಿಗೂ ಬಾರದಿದ್ದರೆ ಮೊದಲಿಬ್ಬರ ನಡುವೆ ಎರಡನೆಯ ಸುತ್ತು. 1969ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ 338–70ರಿಂದ ಅದನ್ನು ಅಂಗೀಕರಿಸಿತು. ನಿಕ್ಸನ್ ಒಪ್ಪಿದರು. ಸೆನೆಟ್‌ನಲ್ಲಿ ಮಾತ್ರ ದಕ್ಷಿಣದ ಸ್ಟ್ರಾಮ್ ಥರ್ಮಂಡ್, ಸ್ಯಾಮ್ ಅರ್ವಿನ್, ಜೇಮ್ಸ್ ಈಸ್ಟ್‌ಲ್ಯಾಂಡ್ ಮುಂತಾದವರು ಮುಗಿಯದ ಭಾಷಣ ಹೂಡಿ ಕಾಲ ತಳ್ಳಿದರು. ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕೆಂಬ ನಿರ್ಣಯಕ್ಕೆ 1970ರಲ್ಲಿ ಮೊದಲ ಸಲ 54–36, ಎರಡನೆಯ ಸಲ 53–34 ಮತ ಬಂತು. ಬಹುಮತವಿದ್ದರೂ ಬೇಕಾಗಿದ್ದ ಮೂರನೇ ಎರಡು ಪಾಲು ಇರಲಿಲ್ಲ. ಕಪ್ಪು ಜನರಿಗೆ ಮತದ ಹಕ್ಕನ್ನು ನಿಜವಾಗಿ ಕೊಡಿಸಿದ 1965ರ ಕಾಯ್ದೆ ಬಂದು ಆಗ ಐದು ವರ್ಷವಷ್ಟೇ ಆಗಿತ್ತು. ಇಡಿಗಂಟಿನಲ್ಲಿ ಮುಳುಗಿಹೋಗುವ ಆ ಮತಗಳು ನೇರ ಚುನಾವಣೆಯಲ್ಲಿ ಮೇಲೆ ತೇಲುತ್ತಿದ್ದವು ಎಂಬುದನ್ನು ಆ ಭಾಷಣಗಳ ಜೊತೆಗಿಟ್ಟು ನೋಡಬೇಕು. 1979ರಲ್ಲಿ ಬೇ ಮತ್ತೆ ತಂದಾಗ 51–48, ಮತ್ತೆ ಸಾಲಲಿಲ್ಲ.

ತಿದ್ದುಪಡಿಯ ದಾರಿ ಮುಚ್ಚಿದ ಮೇಲೆ ಹುಟ್ಟಿದ ಜಾಣ ಉಪಾಯವೇ ರಾಜ್ಯಗಳ ಒಪ್ಪಂದ. 2001ರಲ್ಲಿ ರಾಬರ್ಟ್ ಬೆನೆಟ್ ಎಂಬ ಕಾನೂನು ಪ್ರಾಧ್ಯಾಪಕರೂ, ಭಾರತ ಮೂಲದ ತಂದೆತಾಯಿಯರಿಗೆ ಹುಟ್ಟಿದ ಅಖಿಲ್ ಅಮರ್ ಮತ್ತು ವಿಕ್ರಂ ಅಮರ್ ಸಹೋದರರೂ ಇದರ ಬೀಜ ಬಿತ್ತಿದರು. 2006ರಲ್ಲಿ ಅದನ್ನು ಚಳವಳಿಯಾಗಿ ಬೆಳೆಸಿದವರು ಜಾನ್ ಕೋಜಾ, ಉಜ್ಜಿ ನೋಡುವ ಲಾಟರಿ ಟಿಕೆಟನ್ನು ರೂಪಿಸಿದವರಲ್ಲೊಬ್ಬರಾದ ಕಂಪ್ಯೂಟರ್ ವಿಜ್ಞಾನಿ. ಒಪ್ಪಂದ ಇಷ್ಟೇ: ಸಹಿ ಹಾಕಿದ ರಾಜ್ಯಗಳು ತಮ್ಮ ಎಲೆಕ್ಟರ್‌ಗಳನ್ನು ತಮ್ಮಲ್ಲಿ ಗೆದ್ದವರಿಗಲ್ಲ, ಇಡೀ ದೇಶದಲ್ಲಿ ಹೆಚ್ಚು ಮತ ಪಡೆದವರಿಗೆ ಕೊಡುತ್ತವೆ, ಆದರೆ ಸಹಿ ಹಾಕಿದವರ ಒಟ್ಟು ಬಲ 270 ಮುಟ್ಟುವವರೆಗೆ ಹಳೆಯದೇ ನಡೆಯುತ್ತದೆ. ಜೆಫರ್ಸನ್ ಅವರ ತೊಡಕಿಗೆ ಸಿಕ್ಕ ಸರಿಯಾದ ಉತ್ತರ ಇದು ಎಂದು ನನಗನ್ನಿಸುತ್ತದೆ. ಯಾರೂ ಒಬ್ಬಂಟಿಯಾಗಿ ಮೊದಲು ನೀರಿಗಿಳಿಯಬೇಕಿಲ್ಲ. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸಹಿ ಹಾಕಿತು. 2024ರ ಏಪ್ರಿಲಿನಲ್ಲಿ ಮೇಯ್ನ್ ಸೇರಿದಾಗ 17 ರಾಜ್ಯಗಳು, ರಾಜಧಾನಿ ನಗರ ಸೇರಿ 209 ಆಗಿತ್ತು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ, ಕೆಲವು ಗಟ್ಟಿಯಾಗಿಯೇ ಇವೆ. ರಾಜ್ಯಗಳು ತಮ್ಮತಮ್ಮಲ್ಲಿ ಕರಾರು ಮಾಡಿಕೊಳ್ಳಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳುತ್ತದೆ. ಒಕ್ಕೂಟದ ಅಧಿಕಾರವನ್ನು ಕಸಿಯದ ಕರಾರಿಗೆ ಅದು ಬೇಕಿಲ್ಲವೆಂದು 1893ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದುಂಟು. ಎಲೆಕ್ಟರ್‌ಗಳ ನೇಮಕ ಪೂರ್ತಿ ರಾಜ್ಯದ ಕೈಯಲ್ಲಿದೆಯೆಂದು 1892ರಲ್ಲಿ ಮಿಷಿಗನ್ ಮೊಕದ್ದಮೆಯಲ್ಲೂ ಹೇಳಿತ್ತು. ಆದರೂ ವ್ಯಾಜ್ಯ ತಪ್ಪಿದ್ದಲ್ಲ. ಶೇಕಡಾ 35 ಮತ ಪಡೆದವರೂ ಗೆಲ್ಲಬಹುದಲ್ಲ ಎಂಬ ಆಕ್ಷೇಪ ನಿಜ. ಆದರೆ ಈಗಿನ ಪದ್ಧತಿಯಲ್ಲೂ ಅದಕ್ಕೆ ತಡೆಯಿಲ್ಲ, ಲಿಂಕನ್ 1860ರಲ್ಲಿ ಗೆದ್ದದ್ದು ಶೇಕಡಾ 40ಕ್ಕಿಂತ ಕಡಿಮೆ ಮತದಿಂದ. ಬೇ ತಂದ ತಿದ್ದುಪಡಿಯಲ್ಲಿದ್ದ ಎರಡನೆಯ ಸುತ್ತು ಒಪ್ಪಂದದಲ್ಲಿಲ್ಲ ಎಂಬುದೇ ನನಗೆ ಕಾಣುವ ನಿಜವಾದ ಕೊರತೆ. ಅದಕ್ಕೆ ಕೊನೆಗೆ ಸಂವಿಧಾನ ತಿದ್ದಲೇಬೇಕು, ಒಪ್ಪಂದ ಅಲ್ಲಿಗೊಯ್ಯುವ ಕಾಲುಸಂಕ. ಮರುಎಣಿಕೆಯ ಭಯ ದೊಡ್ಡದಲ್ಲ. 2000ದಲ್ಲಿ ಫ್ಲೋರಿಡಾದ 537 ಮತಕ್ಕೆ ಜುಟ್ಟು ಹಿಡಿದು ಜಗಳವಾಡಬೇಕಾಗಿ ಬಂದದ್ದು ದೇಶವನ್ನು ಐವತ್ತು ತುಂಡು ಮಾಡಿ ಎಣಿಸಿದ್ದರಿಂದ. ಒಟ್ಟು ಎಣಿಸಿದ್ದರೆ ಅಂತರ ಐದು ಲಕ್ಷದ್ದು. ಕಷ್ಟದ ಪ್ರಶ್ನೆ ಬೇರೆಯಿದೆ. 2024ರಲ್ಲಿ ಟ್ರಂಪ್ ದೇಶದಾದ್ಯಂತ ಸುಮಾರು 23 ಲಕ್ಷ ಮತ ಮುಂದಿದ್ದರು. ಒಪ್ಪಂದ ಆಗಲೇ ಜಾರಿಯಲ್ಲಿದ್ದಿದ್ದರೆ, ಕಮಲಾ ಹ್ಯಾರಿಸ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದ ಕ್ಯಾಲಿಫೋರ್ನಿಯಾ ತನ್ನ 54 ಎಲೆಕ್ಟರ್‌ಗಳನ್ನು ಟ್ರಂಪ್ ಅವರಿಗೆ ಒಪ್ಪಿಸಬೇಕಾಗುತ್ತಿತ್ತು. ಅಲ್ಲಿಯ ಜನ ತಾಳಿಕೊಳ್ಳುತ್ತಿದ್ದರೆ? ಕರಾರಿನಿಂದ ಹೊರಬರುತ್ತೇವೆ ಎನ್ನುತ್ತಿರಲಿಲ್ಲವೆ? ಅಧ್ಯಕ್ಷರ ಅವಧಿಯ ಕೊನೆಯ ಆರು ತಿಂಗಳಲ್ಲಿ ಹೊರಬಂದರೂ ಅದು ಹೊಸ ಅಧ್ಯಕ್ಷರು ಬರುವವರೆಗೆ ಜಾರಿಯಾಗದು ಎಂಬ ಕಲಮು ಒಪ್ಪಂದದಲ್ಲಿದೆ. ಕಾಗದದ ಮೇಲಿನ ಕಲಮು ಸಿಟ್ಟಿನ ಮುಂದೆ ಎಷ್ಟು ಹೊತ್ತು ನಿಂತೀತು ಎಂದು ಕೇಳುವವರ ಅನುಮಾನ ನ್ಯಾಯವಾದದ್ದೇ. ಆದರೆ ಅಂಥ ದಿನ ಕ್ಯಾಲಿಫೋರ್ನಿಯಾದ 54ರಿಂದ ಫಲಿತಾಂಶ ತಿರುಗಿತೆಂದು ಯಾರೂ ಹೇಳಲಾರರು. ತಿರುಗಿಸಿದ್ದು ದೇಶದ ಮತವೇ ಆಗಿರುತ್ತದೆ, ಅದರಲ್ಲಿ ಕ್ಯಾಲಿಫೋರ್ನಿಯಾದ ಟ್ರಂಪ್ ಮತದಾರರೂ ಮೊದಲ ಸಲ ಎಣಿಕೆಗೆ ಬಂದಿರುತ್ತಾರೆ.

2024ರ ಏಪ್ರಿಲಿನ 209ರ ಮೇಲೆ 270ಕ್ಕೆ ಬೇಕಿದ್ದ ಇನ್ನೂ 61ನ್ನು ತರುವುದು ಎಲ್ಲಿಂದ? ಅಲ್ಲಿಯವರೆಗೆ ಸಹಿ ಹಾಕಿದವೆಲ್ಲ ಡೆಮಾಕ್ರಟರ ಕಡೆಯ ರಾಜ್ಯಗಳು. ಆದರೆ ಪಕ್ಷಕ್ಕಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ. 2019ರಲ್ಲಿ ನೆವಾಡಾದ ಶಾಸನಸಭೆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ತಡೆಹಿಡಿದ ಗವರ್ನರ್ ಸ್ಟೀವ್ ಸಿಸೊಲಾಕ್ ಡೆಮಾಕ್ರಟರೇ. ನೆವಾಡಾದಂಥ ಚಿಕ್ಕ ರಾಜ್ಯದ ಪಾತ್ರ ಕುಗ್ಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಆರೇ ಎಲೆಕ್ಟರ್‌ಗಳಿದ್ದರೂ ನೆವಾಡಾ ತೂಗುವ ರಾಜ್ಯ. ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ಅಲ್ಲಿ ಠಿಕಾಣಿ ಹೂಡುತ್ತಾರೆ. ಮನೆ ಬಾಗಿಲಿಗೆ ಬರುವ ಸಿರಿಯನ್ನು ಯಾರು ತಾನೇ ಬೇಡವೆಂದಾರು? 2008, 2012ರಲ್ಲಿ ಕೊಲರಾಡೊ ಕೂಡ ಹಾಗೆಯೇ ತೂಗುತ್ತಿತ್ತು. ಆಮೇಲೆ ಅದು ಡೆಮಾಕ್ರಟರ ಕಡೆಗೆ ವಾಲಿ ನಿಂತಿತು, ಅಭ್ಯರ್ಥಿಗಳು ಬರುವುದು ಕಡಿಮೆಯಾಯಿತು. 2019ರಲ್ಲಿ ಅದು ಸಹಿ ಹಾಕಿತು, 2020ರಲ್ಲಿ ಮತದಾರರು ಜನಮತಗಣನೆಯಲ್ಲಿ ಅದನ್ನು ಎತ್ತಿಹಿಡಿದರು. ಇನ್ನೊಂದು ಬದಿಯಲ್ಲಿ ಫ್ಲೋರಿಡಾ ಇದೆ, 2000ದಲ್ಲಿ 537 ಮತಗಳಿಂದ ಜಗತ್ತಿನ ಕಣ್ಣನ್ನೆಲ್ಲ ತನ್ನತ್ತ ಸೆಳೆದ ಫ್ಲೋರಿಡಾ. ಈಗ ಅದರ ಎಲೆಕ್ಟರ್‌ಗಳು ಮೂವತ್ತು. 2024ರಲ್ಲಿ ಟ್ರಂಪ್ ಅಲ್ಲಿ ಶೇಕಡಾ 13ರಷ್ಟು ಅಂತರದಿಂದ ಗೆದ್ದರು. ತೂಗುವ ರಾಜ್ಯಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ.